ವ್ಯಾನಿನಲ್ಲಿ ಪೂಲ್ ನೂಡಲ್: ಮೂರು ಕೆಲಸಕ್ಕೆ ಸೈ, ಉಳಿದದ್ದಕ್ಕೆ ಬೇಡ

ಈಜುಕೊಳದಲ್ಲಿ ಮಕ್ಕಳು ಕಂಕುಳಿಗೆ ಸಿಕ್ಕಿಸಿಕೊಂಡು ತೇಲುವ ಬಣ್ಣದ ಫೋಮ್ ಕೊಳವೆಯನ್ನು, ಅಂದರೆ ಪೂಲ್ ನೂಡಲನ್ನು, ಕ್ಯಾಂಪಿಂಗ್ ಗಾಡಿಗೆ ಬಳಸುವ ಚಾಳಿ ಅಮೆರಿಕದ ಆರ್‌ವಿ (ಒಳಗೇ ಉಳಿದುಕೊಳ್ಳುವ ಮನೆಗಾಡಿ) ಮಂದಿಯದು. ಅಲ್ಲಿನ ಗಾಡಿಗಳಲ್ಲಿ ಕೋಣೆಯ ಒಂದು ಭಾಗವೇ ಹೊರಕ್ಕೆ ಜಾರುವ ಸ್ಲೈಡ್‌ಔಟ್ ಇರುತ್ತದೆ. ಅದರ ಮೂಲೆಗೆ ಯಾರೂ ತಲೆ ಹೊಡೆಸಿಕೊಳ್ಳದಿರಲಿ ಎಂದು ನೂಡಲ್ ಸಿಕ್ಕಿಸುತ್ತಾರೆ. ನಮ್ಮ ಟಿಟಿ (ಟೆಂಪೊ ಟ್ರಾವೆಲರ್), ಬೊಲೆರೊ, ಥಾರ್‌ಗಳಿಗೆ ಸ್ಲೈಡ್‌ಔಟ್ ಎಲ್ಲಿಂದ ಬರಬೇಕು? ಹಾಗಾಗಿ ಇಂಟರ್ನೆಟ್ಟಿನ ಉದ್ದುದ್ದ ಪಟ್ಟಿಗಳಲ್ಲಿ ಬೆಂಗಳೂರಿಂದ ಸಕಲೇಶಪುರಕ್ಕೋ ಕಬಿನಿಗೋ ಹೊರಡುವವರ ಉಪಯೋಗಕ್ಕೆ ಬರುವುದು ಮೂರೇ: ಪಾತ್ರೆ ಸದ್ದು ನಿಲ್ಲಿಸುವುದು, ತಲೆ ಕಾಯುವುದು, ಟೆಂಟಿನ ಹಗ್ಗ ಕಣ್ಣಿಗೆ ಬೀಳುವಂತೆ ಮಾಡುವುದು. ಮಿಕ್ಕಿದ್ದರಲ್ಲಿ ಹೆಚ್ಚಿನವು ತಮಾಷೆ, ಒಂದೆರಡು ನಿಜಕ್ಕೂ ಅಪಾಯ.

ಈಜಿನ ಸಾಮಾನು ಇಡುವ ಕ್ರೀಡಾ ಅಂಗಡಿಗಳಲ್ಲಿ ಸಿಗುವ ನೂಡಲ್ ಸಾಮಾನ್ಯವಾಗಿ 4ರಿಂದ 5 ಅಡಿ ಉದ್ದ, 6ರಿಂದ 7 ಸೆಂ.ಮೀ. ದಪ್ಪ, ನಡುವೆ ಸುಮಾರು 2 ಸೆಂ.ಮೀ. ತೂತು. ತೂತಿಲ್ಲದ ಗಟ್ಟಿ ನೂಡಲ್ಲೂ ಬರುತ್ತದೆ, ಈ ಕೆಲಸಕ್ಕೆ ಅದು ಬೇಡ. ಮಾಲು ಪಾಲಿಎಥಿಲೀನ್ ಫೋಮ್. ಒಳಗಿನ ಗುಳ್ಳೆಗಳು ಒಂದೊಂದೂ ಮುಚ್ಚಿಕೊಂಡಿರುವುದರಿಂದ ನೀರು ಹೀರುವುದಿಲ್ಲ. ಮಳೆಯಲ್ಲಿ ನೆಂದದ್ದನ್ನು ಒರೆಸಿ ಒಳಗಿಡಬಹುದು. ಕೊಳ್ಳುವಾಗ ಎರಡು ಬೆರಳಲ್ಲಿ ಅದುಮಿ ನೋಡಿ. ತಕ್ಷಣ ಉಬ್ಬಿದರೆ ತಗೊಳ್ಳಿ, ಬೆರಳಿನ ಗುಳಿ ಹಾಗೇ ಉಳಿದರೆ ಬಿಟ್ಟುಬಿಡಿ.

ಮೊದಲು ಸದ್ದಿನ ವಿಚಾರ. ಹಂಪ್ ಮೇಲೆ ಹಂಪ್ ಹತ್ತಿಳಿದು ನೆಲಮಂಗಲ ದಾಟುವಷ್ಟರಲ್ಲಿ ಕಪಾಟಿನ ಸ್ಟೀಲ್ ತಟ್ಟೆ, ಲೋಟ, ಕುಕ್ಕರ್ ಮುಚ್ಚಳ ಎಲ್ಲ ಸೇರಿ ತಲೆ ಚಿಟ್ಟು ಹಿಡಿಸುತ್ತವೆ. ಇಲ್ಲಿ ನೂಡಲ್‌ಗೆ ಪೂರ್ತಿ ಅಂಕ. ತಟ್ಟೆ ರಾಶಿಗೂ ಕಪಾಟಿನ ಗೋಡೆಗೂ ನಡುವಿನ ಸಂದು ಅಳೆಯಿರಿ. ಹಾಕುವ ತುಂಡು ಆ ಸಂದಿಗಿಂತ ಒಂದು, ಒಂದೂವರೆ ಸೆಂ.ಮೀ. ದಪ್ಪವಿರಬೇಕು. 5 ಸೆಂ.ಮೀ. ಸಂದಿಗೆ ಆರೂವರೆಯ ನೂಡಲ್ ಹೇಳಿ ಮಾಡಿಸಿದಂತೆ ಕೂರುತ್ತದೆ. ಸಂದು ಎರಡೇ ಸೆಂ.ಮೀ. ಇದ್ದರೆ ಇಡೀ ಕೊಳವೆ ತುರುಕಬೇಡಿ, ಉದ್ದಕ್ಕೆ ಎರಡು ಹೋಳು ಮಾಡಿ ಒಂದನ್ನು ಇಡಿ. ಅರ್ಧಕ್ಕಿಂತ ಹೆಚ್ಚು ಅದುಮಿಸಿಕೊಂಡ ಫೋಮ್ ವಾರಗಟ್ಟಲೆ ಹಾಗೇ ಇದ್ದರೆ ಚಪ್ಪಟೆಯಾಗಿ ನಿಂತುಬಿಡುತ್ತದೆ, ತಟ್ಟೆ ಮತ್ತೆ ಲಟಲಟ ಶುರು. ಗಾಡಿ ಮನೆ ಮುಂದೆ ನಿಂತಿರುವ ದಿನಗಳಲ್ಲಿ ತುಂಡುಗಳನ್ನು ತೆಗೆದಿಟ್ಟರೆ ಬಾಳಿಕೆ ಹೆಚ್ಚು. ಎಣ್ಣೆ, ಉಪ್ಪಿನಕಾಯಿಯ ಗಾಜಿನ ಬಾಟಲಿಗಳಿಗೆ 10 ಸೆಂ.ಮೀ. ತುಂಡುಗಳನ್ನು ಕ್ರೇಟಿನಲ್ಲಿ ಬಾಟಲಿಗಳ ನಡುವೆ ನಿಲ್ಲಿಸಿದರೆ ಸಾಕು. ತಟ್ಟೆ ತಟ್ಟೆಯ ನಡುವೆ ಬಿಲ್ಲೆ ಇಡುವ ಉಪಾಯ ಬರೀ ಜಾಗ ತಿನ್ನುತ್ತದೆ, ಅಲ್ಲಿಗೆ ಹಳೆ ಟವೆಲ್ಲೇ ವಾಸಿ. 12 ವೋಲ್ಟ್ ಫ್ರಿಜ್ ಅಲ್ಲಾಡದಿರಲೆಂದು ಅದರ ಪಕ್ಕ ನೂಡಲ್ ಗಿಡಿಯುವವರು ಗಾಳಿ ಹೋಗುವ ಜಾಲರಿಯನ್ನು ಬಿಟ್ಟು ಗಿಡಿಯಬೇಕು. ಇಲ್ಲದಿದ್ದರೆ ಬಿಸಿ ಹೊರಹೋಗದೆ ಕಂಪ್ರೆಸರ್ ನಿಲ್ಲದೆ ಓಡಿ ಬ್ಯಾಟರಿ ಖಾಲಿ ಮಾಡುತ್ತದೆ.

ಅಡ್ಡ ಕತ್ತರಿಸಲು ಹಲ್ಲಿರುವ ಬ್ರೆಡ್ ಚಾಕು, ಉದ್ದ ಸೀಳಲು ಹೊಸ ಬ್ಲೇಡ್ ಹಾಕಿದ ಪೇಪರ್ ಕಟರ್. ನೂಡಲ್ ಉರುಳದಂತೆ ಗೋಡೆ-ನೆಲ ಸೇರುವ ಮೂಲೆಗೆ ಒತ್ತಿ ಹಿಡಿದು, ಬ್ಲೇಡನ್ನು ಸೋಪು ನೀರಲ್ಲಿ ಅದ್ದಿ, ತೂತು ಸಿಗುವಷ್ಟು ಆಳಕ್ಕೆ ಮಾತ್ರ ಇಳಿಸಿ ಒಂದೇ ಎಳೆತದಲ್ಲಿ ಸೀಳಬೇಕು. ಮೊಂಡು ಬ್ಲೇಡಿನಲ್ಲಿ ಹಿಂದೆ ಮುಂದೆ ಕೊಯ್ದರೆ ಅಂಚು ಹರಿದು ಪುಡಿ ಉದುರುತ್ತದೆ.

ಅಂಟಿಸುವ ಆಸೆ ಬಿಡಿ. ಮರದ ಗೋಂದಾಗಲಿ ಕ್ವಿಕ್ ಗಮ್ ಆಗಲಿ ಪಾಲಿಎಥಿಲೀನ್ ಮೇಲೆ ಕಚ್ಚುವುದಿಲ್ಲ, ಡಬಲ್ ಸೈಡ್ ಟೇಪು ಬಿಸಿಲಿಗೆ ಬಿಟ್ಟುಕೊಳ್ಳುತ್ತದೆ. ಕೇಬಲ್ ಟೈ ಬಿಗಿದರೆ ಫೋಮನ್ನೇ ಕೊಯ್ಯುತ್ತದೆ. ಪಂಕ್ಚರ್ ಅಂಗಡಿಯಿಂದ ಹಳೆ ಸೈಕಲ್ ಟ್ಯೂಬ್ ತಂದು ಎರಡು ಬೆರಳಗಲದ ಬಳೆಗಳಾಗಿ ಕತ್ತರಿಸಿಕೊಳ್ಳಿ. ಇಷ್ಟು ಚೆನ್ನಾಗಿ ಹಿಡಿಯುವ ಪಟ್ಟಿ ಬೇರೆ ಇಲ್ಲ.

ತಲೆ ಬಡಿಯುವ ಜಾಗ ನಮ್ಮಲ್ಲಿ ಮೂರು: ಆನಿಂಗಿನ, ಅಂದರೆ ಗಾಡಿಯ ಪಕ್ಕಕ್ಕೆ ಬಿಚ್ಚುವ ನೆರಳು ಬಟ್ಟೆಯ, ಕಬ್ಬಿಣದ ಬ್ರಾಕೆಟ್, ಮೇಲಕ್ಕೆ ತೆರೆಯುವ ಡಿಕ್ಕಿ ಬಾಗಿಲ ಅಂಚು, ರೂಫ್‌ಟಾಪ್ ಟೆಂಟಿನ ತಳದ ಮೂಲೆ. ಸೀಳಿದ ನೂಡಲ್ ತೆಳು ಪಟ್ಟಿಯ ಮೇಲೂ 25 ಮಿ.ಮೀ. ಪೈಪಿನ ಮೇಲೂ ಸಲೀಸಾಗಿ ಕೂರುತ್ತದೆ. 40 ಮಿ.ಮೀ. ಪೈಪಿಗೆ ಸೀಳು ಬಾಯಿ ತೆರೆದುಕೊಂಡೇ ಇರುತ್ತದೆ, ಗಾಳಿ ಬಂದರೆ ಕಿತ್ತುಬರುತ್ತದೆ. ಅಲ್ಲಿ ಎರಡು ಸೀಳಿದ ನೂಡಲ್ ಎದುರುಬದುರು ಹಾಕಿ ಟ್ಯೂಬ್ ಬಳೆ ತೊಡಿಸಬೇಕು. ಇದೆಲ್ಲ ಗಾಡಿ ನಿಂತಾಗ ಮಾತ್ರ. ಹೊರಡುವ ಮುಂಚೆ ಬಿಚ್ಚದಿದ್ದರೆ ಹೈವೇಯಲ್ಲಿ ಹಾರಿ ಹಿಂದಿನ ಬೈಕಿನವನ ಮುಖಕ್ಕೆ. ಇನ್ನೊಂದು ತೊಂದರೆ, ಸೀಳಿನೊಳಗೆ ನಿಂತ ನೀರು ಆರುವುದಿಲ್ಲ, ಕಬ್ಬಿಣ ತುಕ್ಕು ಹಿಡಿಯುತ್ತದೆ. ಕಾಯಂ ಆಗಿ ಇರಬೇಕಾದ ಜಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯ ಗಾಡಿ ಬಿಡಿಭಾಗದ ಅಂಗಡಿಗಳಲ್ಲಿ ಬಾಗಿಲಂಚಿಗೆ ಹಾಕುವ ರಬ್ಬರ್ ಬೀಡಿಂಗ್ ಕೇಳಿ.

ಹಗ್ಗಕ್ಕೆ 20 ಸೆಂ.ಮೀ. ತುಂಡು ಸಾಕು. ಗೂಟದ ಕಡೆಯಿಂದ ಒಂದಡಿ ಮೇಲೆ ನೂಡಲ್ ತೂತಿಗಿಂತ ದಪ್ಪದ ಗಂಟು ಹಾಕಿ, ಸೀಳಿದ ತುಂಡನ್ನು ಆ ಗಂಟಿನ ಮೇಲೆ ಕೂರಿಸಿ; ಗಂಟಿಲ್ಲದಿದ್ದರೆ ಜಾರಿ ಗೂಟಕ್ಕೆ ಬಂದು ಕೂರುತ್ತದೆ. ಹಳದಿ ಅಥವಾ ಕಿತ್ತಳೆ ತಗೊಳ್ಳಿ, ಕಾಫಿ ತೋಟದಲ್ಲಿ ಹಸಿರು ನೂಡಲ್ ಹಾಕಿ ಏನು ಪ್ರಯೋಜನ? ಕತ್ತಲಲ್ಲಿ ಯಾವ ಬಣ್ಣವೂ ಕಾಣದು, ರೇಡಿಯಂ ಸ್ಟಿಕ್ಕರ್ ಸುತ್ತಲೇಬೇಕು. ಅದೂ ಫೋಮಿಗೆ ಸರಿಯಾಗಿ ಅಂಟದು, ಆದ್ದರಿಂದ ಪೂರ್ತಿ ಒಂದು ಸುತ್ತು ತಂದು ಸ್ಟಿಕ್ಕರ್ ತನ್ನ ಮೇಲೇ ಅಂಟುವಂತೆ ಮಾಡಿ.

ಆನಿಂಗಿನ ಮೇಲೆ ಮಳೆನೀರು ನಿಲ್ಲದಿರಲು ನಡುವಿನ ಅಡ್ಡಕೋಲಿಗೆ ನೂಡಲ್ ತೊಡಿಸಿ ಬಟ್ಟೆ ಎತ್ತರಿಸುವ ಸಲಹೆಯೂ ಇದೆ. ಲೆಕ್ಕ ಹಾಕಿ: 2.5 ಮೀಟರ್ ಅಗಲ, 2 ಮೀಟರ್ ಉದ್ದದ ಬಟ್ಟೆ 5 ಚದರ ಮೀಟರ್. ಅದರ ಮೇಲೆ 1 ಸೆಂ.ಮೀ. ಮಳೆ ಬಿದ್ದು ಅಲ್ಲೇ ನಿಂತರೆ 50 ಲೀಟರ್, ಅಂದರೆ 50 ಕಿಲೋ. ಎರಡು ಬೆರಳು ದಪ್ಪದ ಫೋಮ್ ಅದಕ್ಕೇನು ಲೆಕ್ಕ! ಹೊರಗಿನ ಎರಡು ಕಾಲುಗಳಲ್ಲಿ ಒಂದನ್ನು ಅರ್ಧ-ಮುಕ್ಕಾಲು ಅಡಿ ತಗ್ಗಿಸಿ, ನೀರು ತಾನೇ ಇಳಿಯುತ್ತದೆ.

ರೂಫಿನ ಮೇಲೆ ಕಯಾಕ್, ಏಣಿ ಸಾಗಿಸಲು ಕ್ಯಾರಿಯರ್ ಬದಲು ನೂಡಲ್ ಹಾಕುವುದು ಖಂಡಿತ ಬೇಡ. ಬೆಲ್ಟ್ ಬಿಗಿದಾಗ ಗಟ್ಟಿಯಾಗಿ ಕಂಡರೂ ಓಡುತ್ತಾ ಫೋಮ್ ಇನ್ನಷ್ಟು ಕುಗ್ಗುತ್ತದೆ, ಬೆಲ್ಟ್ ಸಡಿಲವಾಗುತ್ತದೆ. ಕಬ್ಬಿಣದ ಕ್ಯಾರಿಯರ್ ಮೇಲೆ ಗೀರು ಬೀಳದಂತೆ ತೊಡಿಸಿದರೂ ಅರ್ಧ ಗಂಟೆ ಓಡಿಸಿ, ನಿಲ್ಲಿಸಿ, ಮತ್ತೆ ಬಿಗಿಯಬೇಕು.

ಸ್ಟವ್ ಸದ್ದಿಗೂ ನೂಡಲ್ ಇಡುವವರಿದ್ದಾರೆ. ಈ ಫೋಮ್ ಸುಮಾರು 110 ಡಿಗ್ರಿಗೆ ಕರಗುತ್ತದೆ, ಬೆಂಕಿ ತಗುಲಿದರೆ ಉರಿಯುತ್ತಾ ತೊಟ್ಟಿಕ್ಕುತ್ತದೆ. ತೆಗೆಯಲು ಮರೆತು ಬರ್ನರ್ ಹಚ್ಚಿದರೆ ಮುಗಿಯಿತು. ಬರ್ನರ್ ಮೇಲಿನ ಸ್ಟ್ಯಾಂಡನ್ನೇ ಎತ್ತಿ ಚೀಲಕ್ಕೆ ಹಾಕಿಕೊಂಡು ಹೊರಡಿ. ಚಳಿಗೆಂದು ಬಾಗಿಲ ಸಂದು, ಕಿಟಕಿ ಸಂದಿಗೆಲ್ಲ ನೂಡಲ್ ಗಿಡಿದು ಒಳಗೆ ಸ್ಟವ್ ಹಚ್ಚುವುದಂತೂ ಜೀವಕ್ಕೇ ಕುತ್ತು: ಗಾಳಿ ಸಾಲದೆ ಉರಿದ ಗ್ಯಾಸಿನಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ.

ಬಿಸಿಲು ಇದರ ದೊಡ್ಡ ಶತ್ರು. ಮೊದಲು ಬಣ್ಣ ಮಾಸುತ್ತದೆ, ಆಮೇಲೆ ಉಗುರಲ್ಲಿ ಕೆರೆದರೆ ಪುಡಿ ಬರುತ್ತದೆ. ಆ ಹಂತಕ್ಕೆ ಬಂದ ತುಂಡನ್ನು ಹಳ್ಳದ ಪಕ್ಕದ ಕ್ಯಾಂಪಿಗೆ ಒಯ್ಯಬೇಡಿ, ಪುಡಿಯೆಲ್ಲ ನೀರಿಗೆ ಸೇರುತ್ತದೆ. ಒಣ ಕಸಕ್ಕೆ ಹಾಕಿ. ಹೊರಗೇ ಇರುವ ತುಂಡಿಗೆ ಹಳೆ ಜೀನ್ಸ್ ಕಾಲಿನ ಕವರ್ ಹೊಲಿದರೆ ಇನ್ನಷ್ಟು ಕಾಲ ಬರುತ್ತದೆ.

ಒಂದು ಟಿಟಿಗೆ ಮೂರು ನೂಡಲ್ ಸಾಕು: ಒಂದು ಕಪಾಟಿಗೆ, ಒಂದು ಬ್ರಾಕೆಟ್ಟುಗಳಿಗೆ, ಒಂದು ಹಗ್ಗಗಳಿಗೆ. ಜೀಪಿನ ಮೇಲೆ ಟೆಂಟ್ ಇರುವವರಿಗೆ ಎರಡು. ಮಿಕ್ಕ ಚೂರುಪಾರನ್ನು ಉದ್ದಕ್ಕೆ ಸೀಳಿ, ಸೌದೆ ಕಡಿಯುವ ಮಚ್ಚಿನ ಬಾಯಿಗೆ ತೊಡಿಸಿ ಟ್ಯೂಬ್ ಬಳೆ ಹಾಕಿಡಿ.