ಸೈರನ್ ಕೂಗಿತು, ಫೋನು ಬರಲಿಲ್ಲ: ಕಳ್ಳರ ಅಲಾರಾಂ ಜೊತೆ ಎರಡೂವರೆ ವರ್ಷ

ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ, ತೋಟದ ನಡುವೆ ನಮ್ಮ ಮನೆ. ಪಕ್ಕದ ಮನೆಗೆ ಅರ್ಧ ಕಿಲೋಮೀಟರ್ ನಡೆಯಬೇಕು. ನನಗೆ ಮಂಗಳೂರಿನಲ್ಲಿ ಕೆಲಸ, ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ಅಟ್ಟದ ತುಂಬ ಚಾಲಿ ಅಡಿಕೆ. ಅದಕ್ಕೇ ಅಲಾರಾಂ ಪ್ಯಾನೆಲ್ ಹಾಕಿಸಿ, ಅಲಾರಾಂ ಹೊಡೆದ ಸುದ್ದಿ ಪಡೆದು ಮನೆಗೆ ಫೋನ್ ಮಾಡುವ ಮಾನಿಟರಿಂಗ್ ಸ್ಟೇಷನ್ನಿನ ಸೇವೆಯನ್ನೂ ತೆಗೆದುಕೊಂಡೆವು. ಸೆನ್ಸರ್ ಎಷ್ಟು, ಸೈರನ್ ಎಷ್ಟು ಜೋರು ಅನ್ನುವುದೆಲ್ಲ ಇಲ್ಲಿ ಬೇಡ, ಅವು ಚೆನ್ನಾಗಿಯೇ ಇವೆ. ಆದರೆ ನಮ್ಮ ತೋಟದಲ್ಲಿ ಸೈರನ್ ಕೂಗಿದರೆ ಕೇಳುವವರು ಯಾರು? ನಾನು ತಿಂಗಳು ತಿಂಗಳು ಹಣ ಕಟ್ಟುವುದು ದೂರದಲ್ಲಿ ಕೂತವರಿಗೆ ಸುದ್ದಿ ಮುಟ್ಟಲಿ ಅಂತ. ಮೊದಲ ನಾಲ್ಕು ತಿಂಗಳು ಅದೊಂದೇ ಆಗಲಿಲ್ಲ.

ಗೊತ್ತಾದದ್ದು ಹೀಗೆ. ಒಂದು ಬೆಳಗ್ಗೆ ಅಮ್ಮ ಅಲಾರಾಂ ಆಫ್ ಮಾಡಲು ಮರೆತು ಹಿಂಬಾಗಿಲು ತೆರೆದರು. ಸೈರನ್ ಹೊಡೆದುಕೊಂಡಿತು. ಕೋಡ್ ಒತ್ತಿ ನಿಲ್ಲಿಸಿ, ಈಗ ಫೋನು ಬರುತ್ತದೆ ಅಂತ ಅಪ್ಪ ಅಮ್ಮ ಕಾದು ಕೂತರು. ಅರ್ಧ ಗಂಟೆ ಕಳೆದರೂ ಇಲ್ಲ. ನಾನೇ ಸ್ಟೇಷನ್ನಿಗೆ ಫೋನ್ ಮಾಡಿದೆ. 'ನಿಮ್ಮ ಖಾತೆಯಿಂದ ಇಲ್ಲಿಯವರೆಗೆ ಒಂದು ಸಿಗ್ನಲ್ಲೂ ಬಂದಿಲ್ಲ ಸರ್' ಅಂದರು. ಕೀಪ್ಯಾಡಿನಲ್ಲಿ ಹಳದಿ ದೀಪ ಮೊದಲ ದಿನದಿಂದಲೂ ಉರಿಯುತ್ತಿತ್ತು. ಅಮ್ಮ ಕೇಳಿದ್ದಕ್ಕೆ, ಹಾಕಿಕೊಟ್ಟ ಹುಡುಗ 'ಅದು ಹಾಗೇ ಇರುತ್ತದೆ ಅಮ್ಮಾ' ಅಂದಿದ್ದನಂತೆ. ಆ ದೀಪದ ಅರ್ಥ 'ಸ್ಟೇಷನ್ನಿಗೆ ಸುದ್ದಿ ಮುಟ್ಟುತ್ತಿಲ್ಲ' ಅಂತ. ನನಗೆ ಇವತ್ತಿಗೂ ಸಿಟ್ಟು ಬರುವುದು ಆ ಒಂದು ಮಾತಿಗೆ.

ಪ್ಯಾನೆಲಿನ ಸೆಟ್ಟಿಂಗ್ ಬದಲಿಸಲು ಬೇಕಾದ ಇನ್‌ಸ್ಟಾಲರ್ ಕೋಡ್ ಕೇಳಿ ತೆಗೆದುಕೊಂಡು, ಒಂದು ಭಾನುವಾರ ಮೆಟ್ಟಿಲ ಕೆಳಗಿನ ಪೆಟ್ಟಿಗೆ ಮುಂದೆ ಚಾಪೆ ಹಾಸಿ ಕೂತೆ. ನಮ್ಮದು ಆಗ ಲ್ಯಾಂಡ್‌ಲೈನಿನಲ್ಲಿ ಕಾಂಟ್ಯಾಕ್ಟ್ ಐಡಿ ಅನ್ನುವ ಕ್ರಮದಲ್ಲಿ ಮಾತಾಡುತ್ತಿತ್ತು. ಪ್ಯಾನೆಲ್ ಫೋನ್ ಮಾಡುತ್ತದೆ, ಆ ಕಡೆಯಿಂದ 1400 ಮತ್ತು 2300 ಹರ್ಟ್ಜ್‌ನ ಎರಡು ಪೀಪಿ ಕೇಳಿಸುತ್ತದೆ, ಆಮೇಲೆ ಫೋನಿನ ಗುಂಡಿ ಒತ್ತಿದ ಹಾಗಿನ ಶಬ್ದದಲ್ಲೇ ಪ್ಯಾನೆಲ್ ತನ್ನ ಖಾತೆ ಸಂಖ್ಯೆ, ಘಟನೆಯ ನಂಬರು, ಝೋನ್ (ಅಂದರೆ ಮನೆಯ ಯಾವ ಜಾಗ) ಹೇಳುತ್ತದೆ. ಕಳ್ಳತನಕ್ಕೆ 130, ಕರೆಂಟು ಹೋದರೆ 301. ನಮ್ಮ ನಾಲ್ಕಂಕಿಯ ಖಾತೆ ಸಂಖ್ಯೆಯಲ್ಲಿ ಒಂದು ಸೊನ್ನೆ ಇತ್ತು. ಈ ಕ್ರಮದಲ್ಲಿ ಸೊನ್ನೆಗೆ ಹತ್ತರ ಬೆಲೆ. ಹಾಗಾಗಿ ನಮ್ಮ ಪ್ಯಾನೆಲಿನಲ್ಲಿ ಅದನ್ನು ಸೊನ್ನೆ ಅಂತ ಒತ್ತಬಾರದು, ಹತ್ತನ್ನು ಸೂಚಿಸುವ 'ಎ' ಅಂತ ತುಂಬಬೇಕು. ಆ ಹುಡುಗ ಸೊನ್ನೆಯನ್ನೇ ಒತ್ತಿದ್ದ. ಸುದ್ದಿ ಮುಟ್ಟುತ್ತಿದೆ ಅಂತ ತಿಳಿಸಲು ದಿನವೂ ಟೆಸ್ಟ್ ರಿಪೋರ್ಟ್ ಕಳಿಸುವ ಸೆಟ್ಟಿಂಗಿನ ಜಾಗವನ್ನಂತೂ ಖಾಲಿ ಬಿಟ್ಟಿದ್ದ.

ತಿದ್ದಿದೆ. ಖಾತೆಯನ್ನು ಸ್ವಲ್ಪ ಹೊತ್ತು ಟೆಸ್ಟ್‌ನಲ್ಲಿ ಇಡಿ ಅಂತ ಸ್ಟೇಷನ್ನಿಗೆ ಹೇಳಿ, ಒಂದೊಂದೇ ಬಾಗಿಲು ತೆರೆಯುತ್ತಾ ಹೋದೆ. ಅಪ್ಪನ ಕೈಯಲ್ಲಿ ಮೊಬೈಲು. ಆ ಕಡೆಯ ಹುಡುಗಿ ಓದುತ್ತಿದ್ದಳು: ಝೋನ್ ಒಂದು, ಎದುರು ಬಾಗಿಲು. ಝೋನ್ ಮೂರು, ಅಡಿಗೆಮನೆ. ಝೋನ್ ನಾಲ್ಕು, ಮಲಗುವ ಕೋಣೆ. 'ಅಲ್ಲ, ಅದು ಅಟ್ಟ!' ಅಂತ ಅಪ್ಪ ಕೂಗಿದರು. ಅವರ ಪಟ್ಟಿಯಲ್ಲೂ ತಪ್ಪು ಬರೆದಿತ್ತು, ಅಲ್ಲೇ ಸರಿ ಮಾಡಿಸಿದೆವು. ಹಳದಿ ದೀಪ ಆರಿತು. ಅಮ್ಮ ಎಲ್ಲರಿಗೂ ಪಾಯಸ ಬಡಿಸಿದರು.

ಆ ದಿನದಿಂದ ಈ ಸೇವೆಯ ಮೇಲೆ ನನ್ನ ಅಭಿಪ್ರಾಯ ಬದಲಾಯಿತು. ಮಳೆಗಾಲದಲ್ಲಿ ಕರೆಂಟು ಹೋದಾಗೆಲ್ಲ ರಾತ್ರಿ ಫೋನು ಬರುತ್ತಿತ್ತು. ಆ ರಿಪೋರ್ಟಿಗೆ ಒಂದು ಗಂಟೆ ತಡ ಕೊಟ್ಟೆ, ಕಾಟ ನಿಂತಿತು. ಅಷ್ಟು ಹೊತ್ತಿಗೆ 7 ಆಂಪಿಯರ್ ಅವರ್ ಬ್ಯಾಟರಿ ಧಾರಾಳ ಸಾಕು. ತುಲಾಮಾಸದ ಸಿಡಿಲಿಗೆ ಫೋನ್ ಲೈನಿನ ಭಾಗ ಸುಟ್ಟಾಗ ಸಿಮ್ ಹಾಕಿಸಿದೆವು. ಮೊದಲು ಅದೇ ಶಬ್ದಗಳನ್ನು ಮೊಬೈಲ್ ಕರೆಯಲ್ಲಿ ಕಳಿಸಿ ನೋಡಿದರು. ಮೊಬೈಲು ದನಿಯನ್ನು ಹಿಂಡಿ ಕಳಿಸುವುದರಿಂದ ಅರ್ಧಕ್ಕರ್ಧ ತಪ್ಪಿತು. ಡೇಟಾ ಮೂಲಕ ಕಳಿಸಲು ಶುರು ಮಾಡಿದ ಮೇಲೆ ಒಂದೂ ತಪ್ಪಿಲ್ಲ. ನೀವು ಸಿಮ್ ಹಾಕಿಸುವುದಾದರೆ ಇದನ್ನು ಮೊದಲೇ ಕೇಳಿ.

ಈಗ ರಾತ್ರಿ ಊಟವಾಗಿ, ಹಟ್ಟಿಯ ದನಗಳಿಗೆ ಹುಲ್ಲು ಹಾಕಿ ಬಂದು, ದೇವರ ದೀಪ ಸಣ್ಣ ಮಾಡಿ ಅಮ್ಮ ಕೀಪ್ಯಾಡಿನ ಎದುರು ನಿಲ್ಲುತ್ತಾರೆ. ಕನ್ನಡಕ ಬೇಡ, ಬೆರಳಿಗೇ ಕೋಡ್ ಗೊತ್ತು. ಹಸಿರು ದೀಪ ನೋಡಿದ ಮೇಲೆಯೇ ಒತ್ತುವುದು. ಒಂಬತ್ತೂವರೆಗೆ ಟೆಸ್ಟ್ ರಿಪೋರ್ಟ್ ಹೋಗುತ್ತದೆ, ಸ್ಟೇಷನ್ನಿನಿಂದ ನನ್ನ ಮೊಬೈಲಿಗೆ ಮೆಸೇಜು ಬರುತ್ತದೆ. ಮಂಗಳೂರಿನಲ್ಲಿ ನಾನು ಅದನ್ನು ನೋಡಿಯೇ ಮಲಗುವುದು.

ಒಂದು ಕೊರತೆ ಉಳಿದಿದೆ. ರಾತ್ರಿ ಪಾಳಿಯವರಿಗೆ ಕನ್ನಡವೂ ಬರುವುದಿಲ್ಲ, ಮಲಯಾಳವೂ ಬರುವುದಿಲ್ಲ. ಅಮ್ಮನಿಗೆ ಹಿಂದಿ ಬಾರದು. ಫೋನಿನಲ್ಲಿ ಮಾತಾಡುವುದು ಮನೆಯವರೇ ಅಂತ ತಿಳಿಸಲು ನಮ್ಮ ಗುಟ್ಟಿನ ಪದ 'ಪುನರ್ಪುಳಿ'. ಅಮ್ಮ ಅದನ್ನು ನಿಧಾನಕ್ಕೆ ಎರಡು ಸಲ ಹೇಳಬೇಕು, ಆಗ ಅವರಿಗೆ ಸಮಾಧಾನ. ಗಡಿನಾಡಿನ ಗಿರಾಕಿಗಳಿಗೆ ಇವೆರಡರಲ್ಲಿ ಒಂದು ಭಾಷೆ ಬರುವವರನ್ನು ಕೂರಿಸಿ ಅಂತ ಎರಡು ಸಲ ಬರೆದಿದ್ದೇನೆ.

ಮೂರನೇ ವರ್ಷದ ಹಣ ಕಟ್ಟುವ ದಿನ ಹತ್ತಿರ ಬಂದಾಗ, ಯಾರಿಗೂ ಹೇಳದೆ ಅಲಾರಾಂ ಆನ್ ಮಾಡಿ ಹಿಂಬಾಗಿಲು ತೆರೆದೆ. ಸೈರನ್ ನಿಲ್ಲಿಸಿ ಗಡಿಯಾರ ನೋಡುತ್ತಾ ನಿಂತೆ. ಒಂದು ನಿಮಿಷ ಆಗುವ ಮೊದಲೇ ಅಮ್ಮನ ಫೋನು ರಿಂಗಾಯಿತು. ಹಣ ಕಟ್ಟಿದೆ.