ಗುಳ್ಳೆ ಒಡೆಯುವ ಅಲ್ಯೂಮಿನಿಯಂ ರೋಲರ್: ಮೂರು ತಿಂಗಳ ಬಳಕೆಯ ನಂತರ

ಫೈಬರ್‌ಗ್ಲಾಸ್ ಲ್ಯಾಮಿನೇಷನ್, ಅಂದರೆ ಗಾಜಿನ ನಾರಿನ ಹಾಳೆಗೆ (ಮ್ಯಾಟ್) ರೆಸಿನ್ ಎಂಬ ಗಟ್ಟಿಯಾಗುವ ದ್ರವ ಹಚ್ಚಿ ಪದರ ಕಟ್ಟುವುದು, ನನ್ನ ಕಸುಬು. ಈ ಗೀರುಗೀರಿನ ರೋಲರ್ ಬಂದ ಮೇಲೆ ಹಳೆಯದನ್ನು ಮುಟ್ಟಿಲ್ಲ. ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್‌ಗೆ ರೆಸಿನ್ ಹಚ್ಚಿ ಉರುಳಿಸಿದರೆ, ಬೆಳ್ಳಗಿದ್ದ ನಾರು ತಿಳಿಯಾಗುತ್ತಾ ಬರುತ್ತದೆ, ಒಳಗೆ ಸಿಕ್ಕಿಬಿದ್ದ ಗಾಳಿ ಚಿಟಚಿಟ ಎನ್ನುತ್ತಾ ಅಂಚಿನತ್ತ ಓಡುತ್ತದೆ. ಆ ಸದ್ದು ಕೇಳಲೆಂದೇ ಇನ್ನೊಂದು ಸಲ ಉರುಳಿಸುವ ಚಟ ನನಗೆ. ಜೋರಾಗಿ ಒತ್ತಬಾರದು, ಒತ್ತಿದರೆ ರೆಸಿನ್ ಹಿಂಡಿಹೋಗಿ ನಾರು ಒಣಗಿ ನಿಲ್ಲುತ್ತದೆ. ಒಳಮೂಲೆಗಳಿಗೆ ಇದು ದಂಡ, ಅಲ್ಲಿ ಬ್ರಷ್ಷೇ ಗತಿ. ಹಿಡಿ ಚೆನ್ನಾಗಿದೆ.

ತಕರಾರು ತೊಳೆಯುವುದರದ್ದು. ಒಮ್ಮೆ ಅಸಿಟೋನ್‌ನಲ್ಲಿ ಅದ್ದದೆ ಊಟಕ್ಕೆ ಎದ್ದುಹೋದೆ. ಬರುವಷ್ಟರಲ್ಲಿ ಗೀರುಗಳಲ್ಲೆಲ್ಲ ರೆಸಿನ್ ಕಲ್ಲಾಗಿತ್ತು, ರೋಲರ್ ಅಲುಗಾಡಲಿಲ್ಲ. ತಪ್ಪು ನನ್ನದೇ. ಸಂಜೆಯೆಲ್ಲ ಚಾಕು ಹಿಡಿದು ಒಂದೊಂದೇ ಗೀರು ಕೆರೆದೆ. ಈಗ ಎರಡನೆಯದನ್ನೂ ತರಿಸಿಟ್ಟಿದ್ದೇನೆ.