ಕ್ರೇನು, ಟ್ರಾಕ್ಟರು, ಫ್ಲಾಟ್‌ಬೆಡ್: ಕೆಟ್ಟು ನಿಂತ ಜಿಪ್ಸಿ ಸಾಗಿಸೋಕೆ ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಫ್ಲಾಟ್‌ಬೆಡ್‌ಗೆ, ಅಂದರೆ ಗಾಡಿಯನ್ನು ಪೂರ್ತಿ ಬೆನ್ನ ಮೇಲೆ ಹೊತ್ತೊಯ್ಯುವ ಲಾರಿಗೆ. ಎರಡೂವರೆ ಸಾವಿರ ಉಳಿಸೋಕೆ ಅಂತ ಕ್ರೇನ್ ಕರೆಸಿ ಇಪ್ಪತ್ತಾರು ಸಾವಿರ ಕಳೆದುಕೊಂಡವನು ಇನ್ನೇನು ಹೇಳಿಯಾನು?

ನನ್ನದು ಹಳೆಯ ಮಾರುತಿ ಜಿಪ್ಸಿ. ಹೋದ ಮಳೆಗಾಲದಲ್ಲಿ ದೇವರಾಯನದುರ್ಗದ ಹತ್ತಿರ ಸ್ನೇಹಿತನ ತೋಟದ ಕೆಸರಿನಿಂದ 4ಎಚ್ (ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗೇರು) ಹಾಕಿಕೊಂಡು ಮೇಲೆ ಬಂದೆ. ಟಾರು ರಸ್ತೆ ಸೇರುವಷ್ಟರಲ್ಲಿ ಕ್ಲಚ್ ಹೋಯಿತು. ಈ ಗೇರು ಹಾಕಿ ತೆಗೆಯುವ ಚಿಕ್ಕ ಲಿವರ್ 4ಎಚ್‌ನಲ್ಲೇ ಕಚ್ಚಿಕೊಂಡಿತ್ತು. ಎರಡು ಕೈಯಲ್ಲಿ ಎಳೆದರೂ ಬರಲಿಲ್ಲ.

ತುಮಕೂರಿನಿಂದ ಕ್ರೇನ್ ಬಂತು. ಮುಂದಿನ ಎರಡು ಚಕ್ರ ಎತ್ತಿ, ಬೆಲ್ಟ್ ಬಿಗಿದು, "ನ್ಯೂಟ್ರಲ್ ಮಾಡಿದ್ದೀರಾ ಸಾರ್?" ಅಂದ ಡ್ರೈವರ್. "ಮಾಡಿದ್ದೀನಿ" ಅಂದೆ. ಸುಳ್ಳೇನಲ್ಲ, ದೊಡ್ಡ ಗೇರು ನ್ಯೂಟ್ರಲ್‌ನಲ್ಲೇ ಇತ್ತು. ಚಿಕ್ಕ ಲಿವರ್ ವಿಷಯ ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.

ಎಡವಟ್ಟಾಗಿದ್ದು ಅಲ್ಲೇ. ದೊಡ್ಡ ಗೇರನ್ನು ನ್ಯೂಟ್ರಲ್ ಮಾಡಿದರೆ ಎಂಜಿನ್ ಮಾತ್ರ ಬಿಡಿಸಿಕೊಳ್ಳುತ್ತದೆ. 4ಎಚ್‌ನಲ್ಲಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಇರುವ ಗಂಟು ಹಾಗೇ ಇರುತ್ತದೆ. ಮುಂದಿನವು ಬೆಲ್ಟಿನಲ್ಲಿ ಕಟ್ಟಿಸಿಕೊಂಡು ಕೂತಿವೆ, ಹಿಂದಿನವು ಉರುಳಲೇಬೇಕು. ಒದ್ದೆ ರಸ್ತೆ ಇರುವಷ್ಟು ದೂರ ಹಿಂದಿನ ಟೈರು ಜಾರಿಕೊಂಡು ಬಂದವು. ಒಣ ರಸ್ತೆ ಸಿಕ್ಕಿದ ಕೂಡಲೇ ಕೆಳಗಿನಿಂದ ಟಕ್ ಟಕ್ ಅಂತ ಸದ್ದು. "ಟೈರಿಗೆ ಕಲ್ಲು ಸಿಕ್ಕಿರಬೇಕು ಸಾರ್" ಅಂದ. ನಾನೂ ನಂಬಿದೆ, ಯಾಕಂದ್ರೆ ನಂಬೋದು ಸುಲಭವಾಗಿತ್ತು. ಅಂತರಸನಹಳ್ಳಿಯ ಗ್ಯಾರೇಜಿನಲ್ಲಿ ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರಿನ ಪೆಟ್ಟಿಗೆ) ಬಿಚ್ಚಿದಾಗ ಆಯಿಲ್ ಜೊತೆ ಕಬ್ಬಿಣದ ಚೂರು ಬಂದವು. "ಅಣ್ಣಾ, ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ ತಂದಿದ್ರೆ ಏನೂ ಆಗ್ತಿರಲಿಲ್ಲ" ಅಂದ ಮೆಕ್ಯಾನಿಕ್. ಮುಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ದಂಡ ಅದು. ಸರಿಯಪ್ಪ, ಆದರೆ ಆ ಮಳೆಯಲ್ಲಿ ಗಾಡಿ ಕೆಳಗೆ ಮಲಗೋರು ಯಾರು?

ಯಾವಾಗಲೂ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯಾದರೆ ಲಿವರ್ ಪ್ರಶ್ನೆಯೇ ಇಲ್ಲ. ಎರಡು ಚಕ್ರ ನೆಲಕ್ಕೆ ಬಿಟ್ಟು ಎಳೆಯಲೇಬಾರದು.

ಟ್ರಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿದ ಅನುಭವ ಗೂಳೂರಿನ ಹತ್ತಿರ ಆಯಿತು. ಆ ಸಲ ಗಾಡಿಯೊಳಗಿನ ಪೆಟ್ರೋಲ್ ಪಂಪ್ ಕೆಟ್ಟಿತ್ತು, ಲಿವರ್ 2ಎಚ್‌ನಲ್ಲಿ, ಅಂದರೆ ಹಿಂದಿನ ಎರಡೇ ಚಕ್ರಕ್ಕೆ ಶಕ್ತಿ ಹೋಗುವ ಗೇರಿನಲ್ಲಿತ್ತು. ಸಪಾಟು ರಸ್ತೆ, ನಾಲ್ಕೂ ಚಕ್ರ ನೆಲದ ಮೇಲೆ, ಮೂರು ಕಿಲೋಮೀಟರ್. ಗೇರಿಗೆ ಏನೂ ಆಗಲಿಲ್ಲ, ಖರ್ಚು ಒಂದು ಊಟ. ಆದರೆ ಎಂಜಿನ್ ಆಫ್ ಇದ್ದಾಗ ಬ್ರೇಕ್ ಪೆಡಲ್ ಕಲ್ಲಾಗುತ್ತದೆ. ಒಂದು ಕಡೆ ಟ್ರಾಕ್ಟರಿಗೆ ಗುದ್ದೋದು ಗೇಣಿನಲ್ಲಿ ತಪ್ಪಿತು. ಕೀ ಮಾತ್ರ ತೆಗೆಯಬೇಡಿ, ಸ್ಟೇರಿಂಗ್ ಲಾಕ್ ಆಗುತ್ತದೆ. ದುರ್ಗದ ಇಳಿಜಾರಿನಲ್ಲಿ ಹಗ್ಗ ಕಟ್ಟೋ ಮಾತೇ ಬೇಡ.

ಫ್ಲಾಟ್‌ಬೆಡ್ ಈ ತಿಂಗಳು ಕರೆಸಿದೆ, ಮತ್ತೆ ದುರ್ಗದ ಕಡೆಯಿಂದಲೇ. ಐದು ಸಾವಿರ. ಎರಡು ಗಂಟೆ ಕಾದೆ. ಲಾರಿ ಉದ್ದ, ತಿರುವಿನಲ್ಲಿ ತಿರುಗಲ್ಲ ಅಂತ ನಾಮದ ಚಿಲುಮೆಯ ಹತ್ತಿರ ಅಗಲ ಜಾಗದಲ್ಲಿ ನಿಂತಿದ್ದೆ. ಲಾರಿ ಡ್ರೈವರ್ ವಿಂಚ್‌ನಲ್ಲಿ (ಹಗ್ಗ ಸುತ್ತಿ ಎಳೆಯುವ ಯಂತ್ರ) ಗಾಡಿ ಮೇಲೆಳೆದುಕೊಂಡ. ಬಂಪರಿಗೆ ಬೆಲ್ಟ್ ಹಾಕೋಕೆ ಹೊರಟವನಿಗೆ ಚಕ್ರಕ್ಕೆ ಹಾಕು ಅಂದೆ. ಗಾಡಿಯ ಮೈಗೆ ಕಟ್ಟಿದರೆ ಸ್ಪ್ರಿಂಗ್ ಕುಣಿದಂತೆಲ್ಲ ಬೆಲ್ಟ್ ಸಡಿಲವಾಗುತ್ತದೆ. ಹತ್ತು ನಿಮಿಷಕ್ಕೆ ಇಳಿದು ಇನ್ನೊಂದು ಸಲ ಬಿಗಿಸಿದೆವು, ಅಷ್ಟೇ.

ಹೆದ್ದಾರಿಯಲ್ಲಿ ಕೆಟ್ಟರೆ 1033 ಸಹಾಯವಾಣಿಗೆ ಫೋನ್ ಮಾಡಬಹುದು, ಆದರೆ ಅದು ರಾಷ್ಟ್ರೀಯ ಹೆದ್ದಾರಿಗೆ ಮಾತ್ರ. ನಾನು ತಿಂಗಳಿಗೆ ಎರಡು ಸಲ ಬೆಟ್ಟ ಸುತ್ತೋನು. ಹಾಗಾಗಿ ಐದು ಸಾವಿರ ಬೇರೆ ತೆಗೆದಿಟ್ಟಿದ್ದೇನೆ. ಗೂಳೂರಿನಂಥ ರಸ್ತೆಯಾದರೆ ಟ್ರಾಕ್ಟರು, ಬೇರೆಲ್ಲೇ ಆದರೂ ಫ್ಲಾಟ್‌ಬೆಡ್. ಕ್ರೇನಿನವನ ನಂಬರ್ ಇನ್ನೂ ಫೋನಿನಲ್ಲಿದೆ, "ಟೈರಿಗೆ ಕಲ್ಲು" ಅಂತ ಸೇವ್ ಮಾಡಿದ್ದೇನೆ.